ಹದಿನೆಂಟನೆಯ ಸುತ್ತು

"ಹದಿನಾರು... ಹದಿನೇಳು... ಹದಿನೆಂಟು!"

ಎರ್ಸೀಲಿಯಾ ಕನ್ನಡಕ ತೆಗೆದು ಏಪ್ರನ್ನಿನ ಅಂಚಿಗೆ ಒರೆಸಿಕೊಂಡಳು. ಮತ್ತೆ ಬುಡದಿಂದ ಶುರು ಮಾಡಿದಳು. ಕತ್ತಿಯ ಹಿಡಿಗೆ ಬಿಗಿದಿದ್ದ ಬೆಳ್ಳಿತಂತಿ ಅವಳ ಉಗುರಿಗೆ ಟಿಕ್ ಟಿಕ್ ಅಂತ ಒಂದೊಂದೇ ಸುತ್ತಿನ ಲೆಕ್ಕ ಒಪ್ಪಿಸಿತು. ಹದಿನೆಂಟೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಆಮೇಲೆ ಅವಳು ನಕ್ಕ ನಗುವಿಗೆ ಎದುರಂಗಡಿ ಅಕ್ಕಸಾಲಿಗನ ಪಂಜರದ ಹಕ್ಕಿ ಹಾಡು ನಿಲ್ಲಿಸಿತು.

"ಏನು ಸಿಕ್ತು?" ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ ದಫೇದಾರ ಬೊಸ್ಸೊ ದಡಕ್ಕನೆ ಎದ್ದ. ಎದ್ದ ರಭಸಕ್ಕೆ ಕಾಫಿ ಬಟ್ಟಲು ಅವನ ಮೊಣಕಾಲಿನ ಮೇಲೆ ಮಗುಚಿಕೊಂಡಿತು.

"ಚೆಲ್ಲಿದ್ದು ಒಳ್ಳೇದೇ ಆಯ್ತು ಬಿಡಿ. ಹತ್ತು ಗಂಟೆ ಹೊತ್ತಲ್ಲಿ ಕಾಫಿಗೆ ಹಾಲು ಹಾಕಿಸ್ಕೊಂಡು ಕುಡಿಯೋರನ್ನ ನಮ್ಮ ಬೀದಿ ಕ್ಷಮಿಸಲ್ಲ," ಅಂದಳು ಎರ್ಸೀಲಿಯಾ. "ಕಳ್ಳ ಸಿಕ್ಕಿಬಿದ್ದ ದಫೇದಾರ್ರೇ. ಒಂದೇ ಒಂದು ಸುತ್ತಲ್ಲಿ ಸಿಕ್ಕಿಬಿದ್ದ!"

ಗುರುವಾರ ಸಂಜೆ ಕತ್ತಿವರಸೆ ಶಾಲೆಯ ತುಂಬಿದ ಸಭೆಯಲ್ಲಿ ಅಲ್ಲಿನ ಗುರು ಮಾಯೆಸ್ತ್ರೋ ಫೆರ್ರಾಂತೆ ಕಪಾಟಿನಿಂದ ತಮ್ಮ ಹೆಸರುವಾಸಿ ಕತ್ತಿಯನ್ನು ಕೈಗೆತ್ತಿಕೊಂಡವರು, ಮರುಕ್ಷಣವೇ ಅದನ್ನು ನೆಲಕ್ಕೆ ಬಿಟ್ಟು "ಇದು ನನ್ನದಲ್ಲ" ಅಂದಿದ್ದರು. ಆ ಕಪಾಟಿಗಿದ್ದದ್ದು ಎರಡೇ ಬೀಗದ ಕೈ — ಒಂದು ಅವರದು, ಇನ್ನೊಂದು ಅವರ ಶಿಷ್ಯೆ ಇಲಾರಿಯಾಳದು.

ತನ್ನ ಕತ್ತಿಯನ್ನು ತಾನೇ ಯಾರಾದರೂ ಕದಿಯುತ್ತಾರೆಯೇ? ಹಾಗಾಗಿ ಊರಿನ ಬೆರಳೆಲ್ಲ ಇಲಾರಿಯಾಳ ಕಡೆಗೇ ತಿರುಗಿತ್ತು. ನೆಲಕ್ಕೆ ಬಿದ್ದ ಆ ಕತ್ತಿಯನ್ನು ಪರೀಕ್ಷಿಸಲೆಂದು ಬೊಸ್ಸೊ ನಿನ್ನೆ ಹಿಡಿ ಕಟ್ಟುವ ಎರ್ಸೀಲಿಯಾಳಿಗೆ ತಂದುಕೊಟ್ಟಿದ್ದ.

ಇಲಾರಿಯಾ ಎರ್ಸೀಲಿಯಾಳ ಧರ್ಮಪುತ್ರಿ. ಇಗರ್ಜಿಯಲ್ಲಿ ಮಗುವಿನ ತಲೆಗೆ ನೀರು ಹಾಕಿದ ದಿನ ಅದು ಪಾದ್ರಿಗಳ ಕೈಬೆರಳು ಹಿಡಿದು ಬಿಡದೇ ಇದ್ದದ್ದನ್ನು ಕಂಡು, "ಇದಕ್ಕೆ ಹಿಡಿತ ಇದೆ" ಅಂತ ಅಂದೇ ಸಾರಿದವಳು ಅವಳು. ಈಗ ಆ ಮಗುವಿಗೆ ಇಪ್ಪತ್ಮೂರು. ಸೋಮವಾರ ಕತ್ತಿವರಸೆಯ ಗುರುಪರೀಕ್ಷೆ. ನೇಪಲ್ಸಿನ ಆ ಶಾಲೆಯಲ್ಲಿ ಇದುವರೆಗೆ ಒಬ್ಬ ಹೆಂಗಸೂ ಆ ಪರೀಕ್ಷೆಗೆ ನಿಂತಿರಲಿಲ್ಲ. ಇವತ್ತು ಶನಿವಾರ. ಮಧ್ಯಾಹ್ನ ಹನ್ನೆರಡಕ್ಕೆ ಶಾಲೆಯ ಸಮಿತಿ ಸೇರಿ ಅವಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಲಿತ್ತು.

"ಈ ಕತ್ತಿ ಹೆಸರು ಏನು ಗೊತ್ತಾ?" ಎರ್ಸೀಲಿಯಾ ಅದನ್ನು ಬೆಳಕಿಗೆ ಹಿಡಿದಳು. ಬಟ್ಟಲಿನಂಥ ಕೈಕಾಪು, ಅದರ ಹಿಂದೆ ಬೆರಳಿಗೆ ಅಡ್ಡಪಟ್ಟಿ, ತಂತಿ ಸುತ್ತಿದ ಹಿಡಿ, ಬುಡದಲ್ಲಿ ತೂಕಕ್ಕೆ ಒಂದು ಬೆಳ್ಳಿಗುಂಡು. "ಮದುಮಗಳು ಅಂತ. ಅಸಲಿಯದನ್ನ ಕಟ್ಟಿದ್ದು ನಮ್ಮಪ್ಪ ಡಾನ್ ಅನಿಯೆಲ್ಲೊ. ಮಾಯೆಸ್ತ್ರೋ ಆಗ ಮೂವತ್ತರ ಪೋಕರಿ. ಹುಟ್ಟಿದ್ದು ಹದಿನೇಳನೇ ತಾರೀಕು, ಅದೂ ಶುಕ್ರವಾರ. 'ಊರೆಲ್ಲ ಹೆದರೋ ಸಂಖ್ಯೇನ ನಾನು ಮುಷ್ಟೀಲಿ ಹಿಡೀತೀನಿ, ಹದಿನೇಳು ಸುತ್ತೇ ಹಾಕು' ಅಂತ ಅಪ್ಪನ ಹತ್ರ ಮಾತು ತಗೊಂಡ್ರು. ಅವತ್ತಿಂದ ಅದು ಹದಿನೇಳು ಸುತ್ತಿನ ಕತ್ತಿ. ಊರಿಗೆಲ್ಲ ಗೊತ್ತು."

"ಊರಲ್ಲಿ ಯಾರಾದ್ರೂ ಎಣಿಸಿದ್ರಾ?"

"ಹದಿನೇಳನ್ನ ಎಣಿಸೋ ಧೈರ್ಯ ಯಾರಿಗ್ರೀ ಇದೆ!" ಎರ್ಸೀಲಿಯಾ ಅಪಶಕುನ ತಾಗದಿರಲಿ ಅಂತ ಪಕ್ಕದ ಕಬ್ಬಿಣದ ಅರವನ್ನು ಗಬಕ್ಕನೆ ಮುಟ್ಟಿದಳು.

"ನಮ್ಮ ತೂರಿನ್ನಲ್ಲೂ ಹದಿನೇಳು ಕೆಟ್ಟದ್ದೇ. ಹಾಗಂತ ತಂತಿ ಸುತ್ತುವಾಗೆಲ್ಲ..."

"ನಿಮ್ಮೂರಲ್ಲಿ ಕಾರು ಮಾಡ್ತಾರೆ, ಸ್ವಾಮಿ. ಇಲ್ಲಿ ಹಿಡಿ ಕಟ್ತೀವಿ. ಹದಿನಾರನೇ ಸುತ್ತು ಆದ ಕೂಡ್ಲೇ ಉಸಿರು ಕಟ್ಟಿ, ಬಾಯಿ ಮುಚ್ಚಿ, ಒಂದೇ ಎಳೆತಕ್ಕೆ ಹದಿನೆಂಟಕ್ಕೆ ದಾಟಿಬಿಡ್ಬೇಕು. ಹದಿನೇಳರ ಮೇಲೆ ಕೈ ನಿಲ್ಲಬಾರ್ದು. ನಂಗೆ ಅಪ್ಪ ಹೇಳಿಕೊಟ್ಟಿದ್ದು, ಅವ್ರಿಗೆ ಅವ್ರಪ್ಪ."

"ಹದಿನೆಂಟು ಒಳ್ಳೇದಾ?"

"ನಮ್ಮೂರ ಲಾಟರಿ ಲೆಕ್ಕದಲ್ಲಿ ಹದಿನೆಂಟು ಅಂದ್ರೆ ರಕ್ತ. ಕತ್ತಿಗೆ ಅಷ್ಟೂ ಬೇಡ್ವಾ?"

ಬೊಸ್ಸೊ ಪುಸ್ತಕ ತೆಗೆದು ಬರೆದುಕೊಂಡ. ನಾಲ್ಕು ತಿಂಗಳಿಂದ ಅವನು ಈ ಊರಲ್ಲಿ ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಮೂರನೇ ಪುಸ್ತಕ ಮುಗಿಯುತ್ತ ಬಂದಿತ್ತು.

"ಅಂದ್ರೆ, ಈ ನಕಲು ಮಾಡಿದೋನು ಎಲ್ಲಾನೂ ಕೂದಲೆಳೆ ವ್ಯತ್ಯಾಸ ಇಲ್ದೆ ಮಾಡಿದ. ಕೊನೇಲಿ ಹದಿನೇಳಕ್ಕೆ ನಿಲ್ಲಿಸೋಕೆ ಮಾತ್ರ ಕೈ ಬರಲಿಲ್ಲ."

"ಭೇಷ್! ಇನ್ನೊಂದು ವರ್ಷ ಇದ್ರೆ ನೀವೂ ಮನುಷ್ಯರಾಗ್ತೀರಿ. ಕಾರ್ಖಾನೆಯವನಾಗಿದ್ರೆ ಹದಿನೇಳಕ್ಕೆ ನಿಲ್ಲಿಸ್ತಿದ್ದ. ಮಾಡಿದೋನು ನಮ್ಮೋನು, ಹಳೇ ಕೈ. ಇಷ್ಟು ನಯವಾಗಿ ತಂತಿ ಸುತ್ತೋರು ಇಡೀ ಊರಿಗೆ ಇಬ್ಬರೇ. ಒಬ್ಬಳು ನಾನು. ನಾನು ಮಾಡಿಲ್ಲ."

"ಅದನ್ನೂ ಬರ್ಕೋಬೇಕಾ?"

"ದಪ್ಪಕ್ಷರದಲ್ಲಿ ಬರ್ಕೊಳ್ಳಿ. ಇನ್ನೊಬ್ಬ..." ಎರ್ಸೀಲಿಯಾಳ ಮೂಗು ತಾನಾಗಿ ಮುದುಡಿತು. "ಇನ್ನೊಬ್ಬ ಆ ಸಬತೀನೊ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೋ ಶಿಳ್ಳೆ ಹಾಕಿದರು. ಇಲಾರಿಯಾ. ಕಾಗದದಲ್ಲಿ ಸುತ್ತಿದ ಕರಿದ ಪಿಜ್ಜಾ ಕಚ್ಚುತ್ತ ಬಾಗಿಲಿಗೊರಗಿ ನಿಂತಿದ್ದಳು. ಹೆಗಲಲ್ಲಿ ಕತ್ತಿಯ ಚೀಲ.

"ಜೀಯಾ, ತಿಂತೀಯಾ? ಬಿಸಿ ಇದೆ." ಎರ್ಸೀಲಿಯಾಳನ್ನು ಅವಳು ಊರಿನ ರೂಢಿಯಂತೆ ಜೀಯಾ, ಅಂದರೆ ಅತ್ತೆ, ಅಂತ ಕರೆಯುತ್ತಿದ್ದಳು.

"ಹೆಸರು ಹೊಡೆದುಹಾಕೋ ದಿನ ಪಿಜ್ಜಾ ಗಂಟಲಲ್ಲಿ ಇಳಿಯತ್ತಲ್ಲೇ ನಿಂಗೆ!"

"ಹಸಿವಿಗೆ ಸಮಿತಿ ಇಲ್ವಲ್ಲ." ಇಲಾರಿಯಾ ನಕ್ಕು ಅರ್ಧ ಮುರಿದು ಬೊಸ್ಸೊನ ಕೈಗಿಟ್ಟಳು. "ತಿನ್ನಿ ದಫೇದಾರ್ರೇ. ಲಂಚ ಅಲ್ಲ, ಬರೀ ಪಿಜ್ಜಾ. ನಾನು ಶಾಲೆ ಕಡೆ ಹೋಗಿರ್ತೀನಿ, ಜೀಯಾ." ಅಂದವಳೇ ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದಳು.

*

ಸಬತೀನೊನ ಅಂಗಡಿ ಅಲ್ಲಿಂದ ಎರಡು ತಿರುವು ಆಚೆ, ಒಂದು ಹಳೇ ಮನೆಯ ಅಂಗಳದಲ್ಲಿ, ಮೆಟ್ಟಿಲ ಅಡಿಯಲ್ಲಿತ್ತು. ಎರ್ಸೀಲಿಯಾ ಆ ಅಂಗಳಕ್ಕೆ ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು. ಹಿಡಿಯ ಬುಡದ ಗುಂಡು ಪೇರಳೆಯ ಹಾಗಿರಬೇಕೋ ಈರುಳ್ಳಿಯ ಹಾಗಿರಬೇಕೋ ಅಂತ ಒಂದು ಮದುವೆ ಊಟದಲ್ಲಿ ಎದ್ದ ಮಾತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಸಬತೀನೊ ಅರ ಹಿಡಿದು ಹಿತ್ತಾಳೆ ಉಜ್ಜುತ್ತಿದ್ದ. ಟೋಪಿಯಡಿ ಬೋಳುತಲೆ, ದೊಡ್ಡ ಹೊಟ್ಟೆ, ಕುತ್ತಿಗೆಯಲ್ಲಿ ದೃಷ್ಟಿಗೆಂದು ಕಟ್ಟಿದ ಕೆಂಪು ಹವಳದ ಕೊಂಬು. ತಲೆಯೆತ್ತಿ ನೋಡಿದವನು ನೇರ ಬೊಸ್ಸೊನ ಮುಖಕ್ಕೆ ಮಾತಾಡಿದ.

"ದಫೇದಾರ್ರೇ, ನಿಮ್ಮ ಜೊತೆ ಬಂದಿರೋ ಹೆಂಗಸಿಗೆ ಹೇಳಿ, ಇಲ್ಲಿ ಈರುಳ್ಳಿ ಮಾರಲ್ಲ."

"ದಫೇದಾರ್ರೇ," ಎರ್ಸೀಲಿಯಾ ಗೋಡೆಗೆ ಹೇಳಿದಳು, "ಪೇರಳೆ ಮಾರೋ ಮನುಷ್ಯನಿಗೆ ಹೇಳಿ, ನಾನು ಕೊಳ್ಳೋಕೆ ಬಂದಿಲ್ಲ. ಒಂದು ಪ್ರಶ್ನೆ ಕೇಳೋಕೆ ಬಂದಿದ್ದೀನಿ."

"ಹನ್ನೊಂದು ವರ್ಷ ತಡವಾಯ್ತು ಅಂತ ಹೇಳಿ."

"ಕ್ಷಮೆ ಕೇಳೋಕಲ್ಲ ಅಂತ ಹೇಳಿ!"

ಬೊಸ್ಸೊನ ಕುತ್ತಿಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿ ಸೋತಿತು. "ನೋಡಿ, ನಾನು ಸರ್ಕಾರಿ ಕೆಲಸದ ಮೇಲೆ..."

ಎರ್ಸೀಲಿಯಾ ಬಟ್ಟೆ ಬಿಚ್ಚಿ ಕತ್ತಿಯನ್ನು ಮೇಜಿನ ಮೇಲಿಟ್ಟಳು. "ಕೇಳಿ ಅವ್ರನ್ನ. ಈ ಹಿಡಿ ಸುತ್ತಿದ ಕೈ ಯಾರದು? ಯಾರು ಹೇಳಿ ಮಾಡ್ಸಿದ್ರು? ಒಂದು ಹುಡುಗಿ ಬದುಕು ಹನ್ನೆರಡು ಗಂಟೆಗೆ ಹಾಳಾಗತ್ತೆ. ಈಗ ಹತ್ತೂ ಮುಕ್ಕಾಲು. ಅವ್ರಿಗೆ ಹೊಟ್ಟೆ ಒಂದೇ ಅಲ್ಲ, ಎದೆನೂ ಇದ್ರೆ ಹೇಳ್ಲಿ."

ಸಬತೀನೊ ಕೈ ಒರೆಸಿಕೊಂಡು ಕತ್ತಿ ಎತ್ತಿದ. ಹಿಡಿಯ ಮೇಲೆ ಹೆಬ್ಬೆರಳು ಓಡಿಸಿದ. ಬುಡದ ಗುಂಡನ್ನು ಅಂಗೈಯಲ್ಲಿ ತೂಗಿದ. ಕಿವಿಯ ಹತ್ತಿರ ತಂದು ತಂತಿಯನ್ನು ಉಗುರಿನಿಂದ ಮೀಟಿ ಕೇಳಿದ. ನೋಡನೋಡುತ್ತ ಅವನ ಮುಖದ ಬಿಗಿ ಸಡಿಲಿತು. ಮೆಲ್ಲಗೆ ತಲೆಯ ಟೋಪಿ ತೆಗೆದ.

"ಇದನ್ನ ಸುತ್ತಿದ್ದು ಯಾರು ಅಂತ ನನ್ನ ಕೇಳ್ತೀಯೇನೇ, ಎರ್ಸೀ?" ದಫೇದಾರನನ್ನು ದಾಟಿ ಮಾತು ನೇರ ಅವಳಿಗೇ ಬಂತು. "ನಿಮ್ಮಪ್ಪ ಕಣೇ ಇದು! ಡಾನ್ ಅನಿಯೆಲ್ಲೊ!"

"ಸುಳ್ಳು ಹೇಳ್ಬೇಡ."

"ನಾನು ಆರು ವರ್ಷ ಅವ್ರ ಕೈಕೆಳಗೆ ತಂತಿ ಎಳೆದೋನು. ನಿಂಗಿಂತ ಮುಂಚೆ! ಈ ತಂತಿ ಒಂದು ಎಡಕ್ಕೆ ಹುರಿ, ಒಂದು ಬಲಕ್ಕೆ ಹುರಿ. ಎರಡರ ಮಧ್ಯೆ ಗೋಧಿ ತೆನೆ ಎದ್ದು ಕಾಣ್ತಿದೆ ನೋಡು. ನನ್ನ ಕೈಗೆ ಇಂಥ ಕೆಲಸ ಬರ್ತಿದ್ರೆ ನಾನು ನಿನ್ನೊಬ್ಬಳ ಹತ್ರ ಮಾತ್ರ ಮಾತು ಬಿಡ್ತಿದ್ನಾ? ಎಲ್ಲರ ಹತ್ರಾನೂ ಬಿಡ್ತಿದ್ದೆ, ಸೊಕ್ಕಿಗೆ!"

ಎರ್ಸೀಲಿಯಾಳ ಕೈಗೂ ಇದು ನಿನ್ನೆಯೇ ಗೊತ್ತಾಗಿತ್ತು. ಕತ್ತಿ ಮೊದಲು ಹಿಡಿದಾಗಲೇ ಬೆರಳು "ಅಪ್ಪ" ಅಂದಿದ್ದವು. ನಕಲು ಅಂದರೆ ಹೀಗಿರಬೇಕು ಅಂತ ಅವಳೇ ಬೆರಳುಗಳ ಬಾಯಿ ಮುಚ್ಚಿಸಿದ್ದಳು.

"ಎಣಿಸಿದೆ ಕಣೋ ಸಬತೀ. ಹದಿನೆಂಟಿದೆ. ಅಪ್ಪ ಹಾಕಿದ್ದು ಹದಿನೇಳು. ಮಾಯೆಸ್ತ್ರೋಗೆ ಮಾತು ಕೊಟ್ಟಿದ್ರು."

ಸಬತೀನೊ ಅವಳನ್ನೇ ನೋಡಿದ. ಆಮೇಲೆ ಅವನ ಹೊಟ್ಟೆ ಕುಣಿಯತೊಡಗಿತು. ನಗು ಬಾಯಿಗೆ ಬರುವ ಮುಂಚೆ ಹೊಟ್ಟೆಗೆ ಬರುತ್ತಿದ್ದ ಮನುಷ್ಯ ಅವನು.

"ಡಾನ್ ಅನಿಯೆಲ್ಲೊ? ಹದಿನೇಳು? ಬೀದೀಲಿ ಕರಿಬೆಕ್ಕು ಅಡ್ಡ ಬಂದ್ರೆ ಮನೆಗೆ ವಾಪಸ್ ಹೋಗಿ ಅಂಗಿ ತಿರುವಿ ಹಾಕ್ಕೊಂಡು ಬರ್ತಿದ್ದ ಮನುಷ್ಯ! ಮಾತು ಕೊಟ್ಟಿದ್ದು ಬಾಯಿ. ಸುತ್ತಿದ್ದು ಕೈ. ಅವೆರಡೂ ಒಂದಕ್ಕೊಂದು ಹೇಳ್ಕೊಂಡಿರಲ್ಲ!"

"ನಮ್ಮಪ್ಪ ಸುಳ್ಳು ಹೇಳೋರಲ್ಲ."

"ಬಿಚ್ಚಿ ನೋಡೋಣ ಹಾಗಾದ್ರೆ."

"ಬಿಚ್ಚೋ ಹಾಗಿಲ್ಲ!" ಬೊಸ್ಸೊ ನಡುವೆ ಬಂದ. "ಸಾಕ್ಷ್ಯ ಅದು. ನಿನ್ನೆನೇ ಹೇಳಿದ್ದೀನಿ."

ಇಬ್ಬರೂ ಅವನತ್ತ ತಿರುಗಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ಒಂದೇ ಕಡೆ ನಿಂತಿದ್ದರು. ಬೊಸ್ಸೊ ಗಡಿಯಾರ ನೋಡಿಕೊಂಡ. ಕೈಯಲ್ಲಿ ಉಳಿದಿದ್ದ ಪಿಜ್ಜಾ ತುಂಡನ್ನು ನೋಡಿಕೊಂಡ.

"...ಜೋಪಾನವಾಗಿ ಬಿಚ್ಚಿ," ಅಂದ.

ಸಬತೀನೊ ವೈಸಿನ ಹಲ್ಲಿಗೆ ತೊಗಲು ಹೊದಿಸಿ ಅಲಗನ್ನು ಕಚ್ಚಿಸಿದ. ಗುಂಡನ್ನು ತಿರುವುವುದು ಎರ್ಸೀಲಿಯಾಳ ಪಾಲು. ಮೊದಲು ಅಲುಗಲಿಲ್ಲ. ಸಬತೀನೊ ಎರಡು ತೊಟ್ಟು ಎಣ್ಣೆ ಬಿಟ್ಟ. ಆಮೇಲೆ ಕಿರ್ ಅಂದು, ಮೂವತ್ತೊಂಬತ್ತು ವರ್ಷದ ನಿದ್ದೆಯಿಂದ ಎದ್ದ ಹಾಗೆ ಅದು ತಿರುಗಿತು. ಗುಂಡು ಬಂತು. ಹಿಡಿ ಜಾರಿ ಬಂತು. ಅಡ್ಡಪಟ್ಟಿ ಬಂತು. ಕೊನೆಗೆ ಬಟ್ಟಲು. ಬಟ್ಟಲ ಒಳಮೈಗೆ ಬೆರಳು ಉಜ್ಜದಿರಲಿ ಅಂತ ಮೇಕೆ ತೊಗಲಿನ ಮೆತ್ತೆ ಅಂಟಿಸಿತ್ತು. ಅಂಟು ಒಣಗಿ ಪುಡಿಯಾಗಿತ್ತು. ಎರ್ಸೀಲಿಯಾ ಚಾಕುವಿನ ತುದಿಯಿಂದ ಅದನ್ನು ಎಬ್ಬಿಸಿದಳು.

ತೊಗಲಿನ ಅಡಿಯಲ್ಲಿ, ಹೊಳೆಯುವ ಉಕ್ಕಿನ ಮೇಲೆ, ಸೂಜಿಮೊನೆಯಿಂದ ಗೀಚಿದ ಎರಡು ಸಾಲು. ಅಕ್ಷರಗಳೆಲ್ಲ ಗಾಳಿಗೆ ಬಾಗಿದ ಹಾಗೆ ಒಂದೇ ಕಡೆಗೆ ವಾಲಿದ್ದವು. ಮನೆಯ ಹಾಲಿನ ಚೀಟಿ, ಅಮ್ಮನಿಗೆ ಬರೆದ ಕಾಗದ, ಎಲ್ಲದರಲ್ಲೂ ಅಪ್ಪನ ಅಕ್ಷರ ಹೀಗೇ ವಾಲುತ್ತಿತ್ತು.

ಎರ್ಸೀಲಿಯಾ ಓದಿದಳು. ಓದಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಗಟ್ಟಿಯಾಗಿ ಓದಿ," ಅಂದ ಬೊಸ್ಸೊ. ಪೆನ್ಸಿಲು ಸಿದ್ಧವಾಗಿತ್ತು.

"'ಹದಿನೇಳು ಅಂತ ಹೇಳಿದ್ದೀನಿ. ಹದಿನೆಂಟು ಹಾಕಿದ್ದೀನಿ. ದೇವರೇ ಕ್ಷಮಿಸು, ಮನೆಯಲ್ಲಿ ಮಗಳಿದ್ದಾಳೆ.'"

ಮೊದಲು ನಕ್ಕದ್ದು ಎರ್ಸೀಲಿಯಾಳೇ. ನಗುತ್ತಲೇ ಕಣ್ಣೊರೆಸಿಕೊಂಡಳು, ಒರೆಸುತ್ತಲೇ ನಕ್ಕಳು. "ಅಯ್ಯೋ ನನ್ನಪ್ಪ! ಅಯ್ಯೋ ನನ್ನ ಪುಕ್ಕಲಪ್ಪ!" ಸಬತೀನೊ ಅವಳ ಬೆನ್ನು ತಟ್ಟುತ್ತ ತನ್ನ ಕೊಂಬಿನ ತಾಯಿತಕ್ಕೂ ಒಂದು ಮುತ್ತು ಕೊಟ್ಟ.

ಬೊಸ್ಸೊ ಬರೆಯುವುದು ನಿಲ್ಲಿಸಿದ. "ಅಂದ್ರೆ ಇದು ನಕಲಲ್ಲ."

"ಅಲ್ಲ."

"ಅಸಲಿ ಮದುಮಗಳು ಇದೇ. ಹಾಗಾದ್ರೆ ಕಳುವಾಗಿದ್ದು ಏನು?"

"ಏನೂ ಇಲ್ಲ."

"ಹಾಗಾದ್ರೆ ಮೂವತ್ತೊಂಬತ್ತು ವರ್ಷದಿಂದ ಇದನ್ನ ಹಿಡಿದ ಮನುಷ್ಯ, ಇನ್ನೂರು ಜನದ ಮುಂದೆ, ಇದು ನನ್ನದಲ್ಲ ಅಂತ ಯಾಕೆ ಅಂದ್ರು?"

ನಗು ಅಲ್ಲಿಗೆ ನಿಂತಿತು. ಸಬತೀನೊ ಒಮ್ಮೆಲೇ ಕಾಫಿ ಪಾತ್ರೆ ಹುಡುಕತೊಡಗಿದ. ಅದು ಅವನ ಮೂಗಿನ ಮುಂದೆಯೇ ಇತ್ತು.

"ಸಬತೀ."

"ಸಕ್ಕರೆ ಎಷ್ಟು?"

"ಸಬತೀ, ನನ್ನ ಮುಖ ನೋಡು."

ಅವನು ನೋಡಲಿಲ್ಲ. "ಇನ್ನೊಬ್ಬಳು ಮದುಮಗಳಿದ್ದಾಳೆ," ಅಂದ, ಪಾತ್ರೆಗೆ ಹೇಳುವ ಹಾಗೆ. "ಚಳಿಗಾಲದಲ್ಲಿ ನಾನೇ ಕಟ್ಟಿದ್ದು. ನೋಡೋಕೆ ಥೇಟ್ ಇದೇ. ಹಿಡಿ ಮಾತ್ರ ಅರ್ಧ ಬೆರಳು ದಪ್ಪ. ಗುಂಡು ಹಗುರ. ಕಳ್ಳತನ ಅಂತ ಯಾರೂ ಹೇಳಿರ್ಲಿಲ್ಲ ನಂಗೆ, ಈ ಕೊಂಬಿನಾಣೆ."

"ಯಾರಿಗೆ ಕಟ್ಟಿದೆ?"

"ಹೇಳಲ್ಲ. ಸಾಂತ ರೀತಾಳ ಮೇಲೆ ಆಣೆ ಹಾಕಿಸ್ಕೊಂಡಿದ್ದಾರೆ."

"ನಾನು ಠಾಣೆಗೆ ಕರ್ಕೊಂಡು ಹೋಗ್ಬಹುದು," ಅಂದ ಬೊಸ್ಸೊ.

"ಹೋಗೋಣ ನಡೀರಿ. ನಿಮ್ಮ ಠಾಣೆ ನಂಗೆ ಏನು ಮಾಡತ್ತೆ? ಸಾಂತ ರೀತಾ ಏನು ಮಾಡ್ತಾಳೆ ಗೊತ್ತಾ?" ಸಬತೀನೊ ಅವರಿಬ್ಬರಿಗೂ ಬೆನ್ನು ತಿರುಗಿಸಿ ಒಲೆ ಹಚ್ಚಿದ. "ಬಾಯಿಗೆ ಆಣೆ ಇದೆ. ಆ ಗೂಡಿಗೆ ಆಣೆ ಇಲ್ಲ. ನಾನು ಈಗ ಕಾಫಿ ಕಾಸ್ತೀನಿ. ಕಾಫಿ ಉಕ್ಕೋವರೆಗೂ ನಾನು ಈ ಕಡೆ ತಿರುಗಲ್ಲ."

ಗೋಡೆಯ ಗೂಡಿನಲ್ಲಿ ಮೇಣದ ಮುದ್ದೆಗಳ ಸಾಲು. ಹಿಡಿ ಕಟ್ಟುವ ಮುಂಚೆ ಗಿರಾಕಿಯ ಕೈಗೆ ಮೆತ್ತನೆ ಜೇನುಮೇಣದ ಉಂಡೆ ಕೊಟ್ಟು ಮುಷ್ಟಿ ಕಟ್ಟಿಸುವುದು ಈ ಕಸುಬಿನ ಮೊದಲ ಕೆಲಸ. ಬೆರಳು ಎಲ್ಲಿ ಒತ್ತುತ್ತದೋ ಅಲ್ಲಿ ಮರ ತಗ್ಗಬೇಕು, ಎಲ್ಲಿ ಬಿಡುತ್ತದೋ ಅಲ್ಲಿ ಉಬ್ಬಬೇಕು. ಎರ್ಸೀಲಿಯಾಗೆ ಜನರ ಮುಖ ಮರೆಯುತ್ತಿತ್ತು. ಮುಷ್ಟಿ ಒಂದೂ ಮರೆಯುತ್ತಿರಲಿಲ್ಲ.

ಅವಳು ಕಣ್ಣು ಮುಚ್ಚಿ ಒಂದೊಂದೇ ಮುದ್ದೆಯನ್ನು ಮುಟ್ಟಿದಳು. ಇದು ಔಷಧಿ ಅಂಗಡಿಯವನ ಮಗ. ಇದು ನೌಕಾಪಡೆಯ ಆ ಉದ್ದ ಬೆರಳಿನವನು. ಇದು...

ಐದನೆಯದರ ಮೇಲೆ ಕೈ ನಿಂತಿತು.

ಹೆಬ್ಬೆರಳು ಆಳವಾಗಿ ಒತ್ತಿತ್ತು. ತೋರುಬೆರಳೂ ಒತ್ತಿತ್ತು. ಕಿರುಬೆರಳಿನ ಗುರುತು ಹೊರಕ್ಕೆ ಸೊಟ್ಟ. ಹರೆಯದಲ್ಲಿ ಪಂದ್ಯವೊಂದರಲ್ಲಿ ಮುರಿದದ್ದು, ನೆಟ್ಟಗೆ ಕೂಡಿಕೊಂಡಿರಲಿಲ್ಲ. ಈ ಸೊಟ್ಟ ಕಿರುಬೆರಳಿಗೆಂದೇ ಎರ್ಸೀಲಿಯಾ ತನ್ನ ಜೀವಮಾನದಲ್ಲಿ ಏಳು ಹಿಡಿ ಕೆತ್ತಿದ್ದಳು. ಮಾಯೆಸ್ತ್ರೋ ಫೆರ್ರಾಂತೆಯ ಕೈ.

ಆದರೆ ನಡುವಿನ ಎರಡು ಬೆರಳು? ಅವು ಮೇಣವನ್ನು ಒತ್ತಿರಲೇ ಇಲ್ಲ. ಸುಮ್ಮನೆ ತಾಗಿ ಬಿಟ್ಟಿದ್ದವು, ಮಲಗಿದ ಮಗುವಿನ ಕೆನ್ನೆ ಮುಟ್ಟಿದಷ್ಟು.

ಹಾಗಾದರೆ ಇದು ವಿಷಯ. ಮಾಯೆಸ್ತ್ರೋನ ಬಲಗೈ ಮುಷ್ಟಿ ಕಟ್ಟುತ್ತಿಲ್ಲ. ಅದಕ್ಕೇ ಗುಟ್ಟಾಗಿ ದಪ್ಪ ಹಿಡಿಯ ಜೋಡಿ ಕತ್ತಿ. ಗುರುವಾರ ಹೇಗೋ ಅದರ ಜಾಗದಲ್ಲಿ ಹಳೆಯದು ಬಂದು ಕೂತಿದೆ. ಎಲ್ಲರ ಮುಂದೆ ಎತ್ತಿದ್ದಾರೆ, ಕೈ ಹಿಡಿದಿಲ್ಲ, ಬಿದ್ದಿದೆ. ಆ ನಾಚಿಕೆಗೆ ಬಾಯಿಂದ ಬಂದ ಮಾತು: ಇದು ನನ್ನದಲ್ಲ.

"ಏನಾದ್ರೂ ಗೊತ್ತಾಯ್ತಾ?" ಬೊಸ್ಸೊ ಕೇಳಿದ.

"ಮೇಣ," ಅಂದಳು ಎರ್ಸೀಲಿಯಾ. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು. "ಬರೀ ಮೇಣ. ಬನ್ನಿ, ಇದನ್ನ ಜೋಡಿಸಿ ಶಾಲೆಗೆ ಹೋಗೋಣ."

ಹಿಂದೆ ಕಾಫಿ ಉಕ್ಕಿತು. ಸಬತೀನೊ ತಿರುಗಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಈರುಳ್ಳಿನೂ ಕೆಟ್ಟದಾಗಿ ಕಾಣಲ್ಲ ಎರ್ಸೀ," ಅಂದ ಅವನು ಮೆತ್ತಗೆ. "ದೂರದಿಂದ ನೋಡಿದ್ರೆ."

*

ಶಾಲೆಯಿದ್ದದ್ದು ಮೂರನೇ ಅಂತಸ್ತಿನಲ್ಲಿ. ಎರಡನೆಯದರ ತಿರುವಿನಲ್ಲಿ ಎರ್ಸೀಲಿಯಾಗೆ ಮಾಯೆಸ್ತ್ರೋ ಸಿಕ್ಕರು. ಗುರುವಾರ ಆ ಗಲಾಟೆಯ ಬೆನ್ನಿಗೇ ಪ್ರೋಚಿದಾ ದ್ವೀಪದ ತಂಗಿ ಮನೆಗೆ ಹೋದವರು, ಈಗ ತಾನೇ ದೋಣಿ ಇಳಿದು ಬರುತ್ತಿದ್ದರು. ಅರವತ್ತೊಂಬತ್ತರ ನೆಟ್ಟಗಿನ ಬೆನ್ನು, ಬಿಳಿ ಮೀಸೆ, ಎಡತೋಳಲ್ಲಿ ನಿಂಬೆಹಣ್ಣಿನ ಬುಟ್ಟಿ.

"ಡೊನ್ನ ಎರ್ಸೀಲಿಯಾ! ನಮ್ಮ ತಂಗಿ ತೋಟದ್ದು, ತಗೊಳ್ಳಿ. ಸಿಪ್ಪೆ ಸಮೇತ ತಿನ್ನೋ ಜಾತಿ."

ಬೊಸ್ಸೊನನ್ನು ಮುಂದೆ ಹೋಗಲು ಬಿಟ್ಟು ಎರ್ಸೀಲಿಯಾ ಕೈ ಚಾಚಿದಳು. ನಿಂಬೆಗಲ್ಲ, ಕುಲುಕಲಿಕ್ಕೆ.

ಮಾಯೆಸ್ತ್ರೋ ಬುಟ್ಟಿ ಕೆಳಗಿಟ್ಟು ಎಡಗೈ ಕೊಟ್ಟರು.

"ಅದಲ್ಲ, ಮಾಯೆಸ್ತ್ರೋ. ನಾನು ಏಳು ಹಿಡಿ ಕೆತ್ತಿಕೊಟ್ಟಿದ್ದೀನಲ್ಲ, ಆ ಕೈ."

ಅವರ ಮೀಸೆ ಒಮ್ಮೆ ಅದುರಿತು. ಆಮೇಲೆ ಅವರು ಪಕ್ಕಕ್ಕೆ ಬಾಗಿ, ಪಾಪನಿವೇದನೆಗೆ ಬಂದವರ ಹಾಗೆ ಪಿಸುಗುಟ್ಟಿದರು. "ಹೋದ ವರ್ಷದಿಂದ. ಎರಡು ಬೆರಳು ಸತ್ತ ಹಾಗೆ. ನನ್ನ ಬಗ್ಗೆ ಬಿಡು, ನಾನು ಮುದುಕ. ಸೋಮವಾರ ಹುಡುಗಿ ಪರೀಕ್ಷೆ. ಪರೀಕ್ಷೆ ಮಾಡೋನು ತಾನೇ ಕತ್ತಿ ಹಿಡಿದು ಎದುರು ನಿಲ್ಲಬೇಕು. ಕೈ ಹೋಗಿದೆ ಅಂತ ಗೊತ್ತಾದ್ರೆ ನನ್ನನ್ನ ತೆಗೆದು ಮಿಲಾನಿಂದ ಇನ್ನೊಬ್ಬನ್ನ ಕರೆಸ್ತಾರೆ. ಅವನು ಹೆಂಗಸರನ್ನ ಪರೀಕ್ಷೆಗೇ ನಿಲ್ಲಿಸಲ್ಲ. ಸೋಮವಾರದವರೆಗೆ ಬಾಯಿ ಮುಚ್ಕೊಂಡಿರೇ, ಎರ್ಸೀ. ಆಮೇಲೆ ಊರಿಗೆ ಡಂಗುರ ಹೊಡಿ."

"ಮಾಯೆಸ್ತ್ರೋ, ನಿಮಗೆ ಗೊತ್ತಿಲ್ವಾ? ಇಲಾರಿಯಾಳನ್ನ ಇವತ್ತೇ..."

ಮೇಲೆ ಬಾಗಿಲು ತೆರೆಯಿತು. "ಹನ್ನೆರಡಾಯ್ತು!" ಸಮಿತಿಯ ಅಧ್ಯಕ್ಷ, ವಕೀಲ ಸ್ಪಿನೆಲ್ಲಿಯ ದನಿ. "ಮಾಯೆಸ್ತ್ರೋ, ಬನ್ನಿ ಬನ್ನಿ, ನಿಮ್ಮ ಕಳ್ಳಿಯನ್ನ ಹಿಡಿದಿದ್ದೀವಿ."

ಮಾಯೆಸ್ತ್ರೋನ ಮುಖದ ರಕ್ತ ಇಳಿದುಹೋಯಿತು. ಬುಟ್ಟಿಯನ್ನು ಮತ್ತೆ ಎಡತೋಳಿಗೇರಿಸಿಕೊಂಡು ಅವರು ಮೇಲೆ ಹತ್ತಿದರು.

ಒಳಗೆ ಉದ್ದನೆ ಮೇಜು, ಸಮಿತಿಯ ನಾಲ್ವರು, ಗೋಡೆಗೆ ಒರಗಿ ಶಿಷ್ಯರ ಸಾಲು. ಇಲಾರಿಯಾ ನಡುವೆ ಬಿಳಿಯ ವರಸೆ ಉಡುಪಿನಲ್ಲಿ ನಿಂತಿದ್ದಳು. ಎರ್ಸೀಲಿಯಾ ಕತ್ತಿಯನ್ನು ಮೇಜಿನ ಮೇಲಿಟ್ಟಳು. ವಕೀಲ ಪಟ್ಟಿ ಬಿಡಿಸಿ ಶಾಯಿಗೆ ಪೆನ್ನು ಅದ್ದಿದ.

"ಡೊನ್ನ ಎರ್ಸೀಲಿಯಾ, ಭಾಷಣ ಬೇಡ. ಈ ಕತ್ತಿ ಅಸಲಿಯೋ ನಕಲಿಯೋ? ಒಂದೇ ಮಾತು."

ಒಂದೇ ಮಾತು. ನಕಲಿ ಅಂದರೆ ಹುಡುಗಿಯ ಹೆಸರು ಈಗಲೇ ಹೋಗುತ್ತದೆ. ಅಸಲಿ ಅಂದರೆ ಮಾಯೆಸ್ತ್ರೋನ ಕೈ ಬಯಲಾಗುತ್ತದೆ. ಹುಡುಗಿಯ ಹೆಸರು ಉಳಿಯುತ್ತದೆ, ಪರೀಕ್ಷೆ ಮಾಡುವವರು ಉಳಿಯುವುದಿಲ್ಲ. ಎರ್ಸೀಲಿಯಾ ಬಾಯಿ ತೆರೆದಳು.

"ಅವ್ರನ್ನ ಕೇಳ್ಬೇಡಿ," ಅಂದಳು ಇಲಾರಿಯಾ. "ಅಸಲಿನೇ. ಬುಧವಾರ ಬೆಳಿಗ್ಗೆ ಅದನ್ನ ಕಪಾಟಲ್ಲಿ ಇಟ್ಟಿದ್ದು ನಾನೇ. ಅಲ್ಲಿದ್ದಿದ್ದನ್ನ ತೆಗೆದಿದ್ದೂ ನಾನೇ."

ಹಾಲ್ ಗುಜುಗುಜು ಅಂದಿತು. ಬೊಸ್ಸೊ ಪುಸ್ತಕದ ಹಾಳೆ ಹುಡುಕಿದ, ಮುಗಿದುಹೋಗಿತ್ತು.

"ಯಾಕೆ?" ವಕೀಲ ಕೇಳಿದ.

"ಉಗ್ರಾಣದಲ್ಲಿ ಹಳೇದು ಸಿಕ್ತು. ಕಪಾಟಲ್ಲಿರೋದನ್ನ ಯಾರೋ ನಕಲಿ ಇಟ್ಟಿದ್ದಾರೆ ಅಂದ್ಕೊಂಡು ಸರಿ ಮಾಡೋಕೆ ಹೋದೆ. ಆಮೇಲೆ..." ಅವಳ ಕಣ್ಣು ವಕೀಲನ ಮೇಲಿರಲಿಲ್ಲ. ಮಾಯೆಸ್ತ್ರೋನ ಮೇಲಿತ್ತು, ದಯವಿಟ್ಟು ಸುಮ್ಮನಿರಿ ಅಂತ ಬೇಡುತ್ತಿತ್ತು. "ಆಮೇಲಿಂದು ನಾನು ಹೇಳಲ್ಲ. ಹೆಸರು ಹೊಡೆದುಹಾಕಿ."

ಎರ್ಸೀಲಿಯಾಗೆ ಆಗ ಅರ್ಥವಾಯಿತು. ಗುರುವಾರ ಕತ್ತಿ ನೆಲಕ್ಕೆ ಬಿದ್ದ ಕ್ಷಣದಲ್ಲೇ ಹುಡುಗಿಗೆ ಎಲ್ಲ ತಿಳಿದಿತ್ತು. ಮೂರು ದಿನದಿಂದ ಪಿಜ್ಜಾ ತಿನ್ನುತ್ತ, ಶಿಳ್ಳೆ ಹಾಕುತ್ತ, ಗುರುವಿನ ಗುಟ್ಟನ್ನು ಒಬ್ಬಳೇ ಹೊತ್ತು ತಿರುಗುತ್ತಿದ್ದಳು.

ವಕೀಲನ ಪೆನ್ನು ಕಾಗದಕ್ಕೆ ತಾಗಿತು.

"ನಿಲ್ಸಯ್ಯಾ!"

ಬುಟ್ಟಿ ಉರುಳಿ ನಿಂಬೆಹಣ್ಣುಗಳು ನೆಲದ ತುಂಬ ಓಡಿದವು. ಮಾಯೆಸ್ತ್ರೋ ಮೇಜಿನ ಹತ್ತಿರ ಬಂದು ಮದುಮಗಳನ್ನು ಎತ್ತಿಕೊಂಡರು. ಬಲಗೈಯಲ್ಲಿ.

"ಪಟ್ಟಿಯಲ್ಲಿ ಹೆಸರು ಇನ್ನೂ ಇದೆ ತಾನೇ? ನಾನು ಇನ್ನೂ ಪರೀಕ್ಷಕ ತಾನೇ? ಸಮಿತಿಯ ನಾಲ್ಕೂ ಜನ ಇಲ್ಲೇ ಇದ್ದೀರ. ಸೋಮವಾರ ಯಾಕೆ?" ಅವರ ದನಿಯಲ್ಲಿ ಮೂವತ್ತರ ಪೋಕರಿಯ ನಗು ಇಣುಕಿತು. "ಪರೀಕ್ಷೆ ಈಗ. ಎರ್ಸೀ, ಬಾ ಇಲ್ಲಿ. ಕೈ ಕಟ್ಟು."

ಕತ್ತಿಯ ಹಿಡಿಯನ್ನು ಪಟ್ಟಿಯಿಂದ ಮಣಿಕಟ್ಟಿಗೆ ಬಿಗಿದುಕೊಳ್ಳುವುದು ನೇಪಲ್ಸಿನವರ ಹಳೇ ಪದ್ಧತಿ. ಯಾರೂ ಅದರಲ್ಲಿ ವಿಶೇಷ ಕಾಣಲಿಲ್ಲ. ಎರ್ಸೀಲಿಯಾ ಪಟ್ಟಿ ಸುತ್ತಿ ಬಿಗಿದಳು. ಅದರ ಅಡಿಯಲ್ಲಿ ಎರಡು ಬೆರಳು ತಣ್ಣಗೆ, ಸುಮ್ಮನೆ ಮಲಗಿದ್ದವು. ಕತ್ತಿ ಇನ್ನು ಬೀಳುವುದಿಲ್ಲ. ಆದರೆ ಒಂದು ಜೋರು ಹೊಡೆತ ಬಿದ್ದರೆ ಅದು ಆ ಕೈಯಲ್ಲಿ ನಿಲ್ಲುವುದೂ ಇಲ್ಲ. ನೇತಾಡುತ್ತದೆ, ಇಡೀ ಶಾಲೆ ನೋಡುತ್ತದೆ.

ಅದು ಎರ್ಸೀಲಿಯಾಗೆ ಗೊತ್ತಿತ್ತು. ಎದುರು ನಿಂತಿದ್ದ ಇಲಾರಿಯಾಗೂ ಗೊತ್ತಿತ್ತು. ಮೆಲ್ಲಗೆ ಆಡಿದರೆ ನಾಲ್ಕು ಜನ ಅವಳನ್ನು ನಪಾಸು ಮಾಡುತ್ತಾರೆ. ಸರಿಯಾಗಿ ಆಡಿದರೆ ಮೊದಲ ಹೊಡೆತಕ್ಕೇ ಗುರುವಿನ ಮಾನ ಹೋಗುತ್ತದೆ.

"ಏನೇ ನೋಡ್ತಾ ನಿಂತೆ?" ಮಾಯೆಸ್ತ್ರೋ ಮುಖವಾಡ ಇಳಿಸಿಕೊಂಡರು. "ಇಪ್ಪತ್ತು ವರ್ಷ ಆಯ್ತು ನನ್ನ ಕೈಗೆ ಯಾರಾದ್ರೂ ಸರಿಯಾಗಿ ಒಂದು ಏಟು ಕೊಟ್ಟು. ಬಾ!"

ಇಲಾರಿಯಾ ಕತ್ತಿ ಹಣೆಗೆತ್ತಿ ವಂದಿಸಿದಳು. ಹಿಂದಿನ ಕಾಲಿನ ಮೇಲೆ ಭಾರ ಹಾಕಿ ಮೊಣಕಾಲು ಬಾಗಿಸಿದಳು. ಒಂದು ನಿಂಬೆಹಣ್ಣು ಉರುಳುತ್ತ ಬಂದು ಅವಳ ಪಾದಕ್ಕೆ ತಾಗಿ ನಿಂತಿತು. ಅವಳು ಅದನ್ನು ನೋಡಲಿಲ್ಲ. ಮುಂದಿನ ಕಾಲು ದಢ್ ಅಂತ ನೆಲಕ್ಕೆ ಬಡಿಯಿತು, ಮತ್ತು ಅವಳ ಅಲಗು ಮದುಮಗಳತ್ತ ಸಿಡಿಯಿತು. ಮೆಲ್ಲಗಲ್ಲ.